ಎಲ್ಡನ್ ಕೋಗರನ ಹಗುರ ಕೋವಿ

ಎಲ್ಡನ್ ಕೋಗರ್ ಹೆಂಡತಿಗೆ ಹೇಳಿದ ಸುಳ್ಳು ಅಷ್ಟೇನೂ ದೊಡ್ಡದಾಗಿರಲಿಲ್ಲ. ಆ ಗಳಿಗೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ, ಅಷ್ಟೆ. ಸುಳ್ಳು ಹೇಳಿ ಅಭ್ಯಾಸವಿದ್ದವನಾಗಿದ್ದರೆ ಒಂದಿಷ್ಟು ಯೋಚಿಸಿ, ನಾಳೆಗೂ ನಾಳಿದ್ದಿಗೂ ನಿಲ್ಲುವಂಥದ್ದನ್ನು ಆರಿಸಿಕೊಳ್ಳುತ್ತಿದ್ದ. ಅವನು ಜನ್ಮದಲ್ಲಿ ಸುಳ್ಳಾಡಿದವನಲ್ಲ. ಅಂಥವರ ಸುಳ್ಳೇ ಊರಿಗೆಲ್ಲ ಹಬ್ಬುವುದು, ಯಾಕೆಂದರೆ ಜನ ತಕ್ಷಣ ನಂಬುತ್ತಾರೆ.

ನಮ್ಮದು ವೆಸ್ಟ್ ವರ್ಜೀನಿಯಾದ ಗುಡ್ಡಗಳ ನಡುವಿನ ಕಣಿವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರ ಜಿಂಕೆ ಬೇಟೆ ಶುರು. ಆ ವಾರ ಶಾಲೆಗೆ ರಜೆ, ಗ್ಯಾರೇಜಿಗೆ ಬೀಗ, ಹಲ್ಲಿನ ಡಾಕ್ಟರೂ ಸಿಗುವುದಿಲ್ಲ. ಸೋಮವಾರ ಗುಡ್ಡದ ಮೇಲೆ ಕಾಣದ ಗಂಡಸಿನ ಮನೆಗೆ ಮಂಗಳವಾರ ಯಾರಾದರೂ ಸೂಪಿನ ಪಾತ್ರೆ ಹಿಡಿದು ಬಂದು, ಏನು ಕಾಯಿಲೆ ಎಂದು ವಿಚಾರಿಸುತ್ತಾರೆ. ಕಾಯಿಲೆ ಇಲ್ಲ ಎಂದರೆ ಸೂಪು ಇಟ್ಟು, ದನಿ ತಗ್ಗಿಸಿ, ಹೆಂಡತಿಯನ್ನು ಹೊರಗೆ ಕರೆದು ಕೇಳುತ್ತಾರೆ.

ಎಲ್ಡನ್ ದನದ ಮೇವು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಿಂದಿನ ಚಳಿಗಾಲದಲ್ಲಿ ಹೊಸದಾಗಿ ಸೇರಿದ ಇಬ್ಬರು ಗಟ್ಟಿಗರ ಮುಂದೆ, "ಮೂಟೆ ಹೀಗೆ ಎತ್ತಬೇಕು ಕಣ್ರಯ್ಯಾ" ಎಂದು ಎತ್ತಿ ತೋರಿಸಲು ಹೋಗಿ ಎಡ ಭುಜದಲ್ಲಿ ಏನನ್ನೋ ಹರಿದುಕೊಂಡಿದ್ದ. ಡಾಕ್ಟರು ಕೊಯ್ದು ಹೊಲಿಯಬೇಕು ಎಂದರು. ಎಲ್ಡನ್ ಮನೆಗೆ ಬಂದು, ಡಾಕ್ಟರು ಮುಲಾಮು ಕೊಟ್ಟಿದ್ದಾರೆ ಎಂದ. ಇದನ್ನು ನಾನು ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಲಾಮನ್ನೂ ಕೊಟ್ಟಿದ್ದರು.

ಹೆಂಡತಿ ಅರ್ಲೀನಳಿಗೆ ಹೇಳದಿರಲು ಕಾರಣವಿತ್ತು. ಅವಳ ಅಪ್ಪ ಮಂಡಿ ನೋವಿಟ್ಟುಕೊಂಡು ಒಬ್ಬನೇ ಬೇಟೆಗೆ ಹೋಗಿ, ಬಂಡೆಯ ಮೇಲಿಂದ ಕೆಳಗೆ ಬಿದ್ದಿದ್ದ. ಊರವರೇ ಸೇರಿ ನಡೆಸುವ ಅಗ್ನಿಶಾಮಕ ಸಂಘದವರು ಅವನನ್ನು ಹುಡುಕಿ, ಒಂದು ಬಾಗಿಲ ಹಲಗೆಯ ಮೇಲೆ ಕೆಳಗೆ ತಂದರು. ಅಂದಿನಿಂದ ಅವಳ ಮನೆಯಲ್ಲಿ ಒಂದೇ ಕಾನೂನು: ಮೈ ಸರಿಯಿಲ್ಲದವರು ಗುಡ್ಡ ಹತ್ತುವ ಹಾಗಿಲ್ಲ. ಅಂದರೆ ಭುಜದ ವಿಷಯ ತಿಳಿದರೆ ಎಲ್ಡನ್ನನ ಸೋಮವಾರ ಮುಗಿಯಿತು.

ಮನೆಯಲ್ಲಿದ್ದ ಹಳೆಯ ಕೋವಿ ಬಹಳ ಭಾರ. ಎಡಗೈ ಅದನ್ನು ಎದೆಯವರೆಗೆ ಎತ್ತುತ್ತಿತ್ತು, ಅಲ್ಲಿಂದ ಮೇಲೆ ನಡುಗಿ ಕೆಳಗಿಳಿಯುತ್ತಿತ್ತು. ಒಂದು ಈಡಿನ ಮೇಲೆ ಇನ್ನೊಂದು ಹೊಡೆಯಬೇಕೆಂದರೆ ಬಲಗೈಯಲ್ಲಿ ಸಲಾಕೆ ಎಳೆದು ತೋಟಾ ಏರಿಸಬೇಕು, ಅಷ್ಟು ಹೊತ್ತು ಇಡೀ ಭಾರ ಎಡಗೈಯ ಮೇಲೆ. ಆದ್ದರಿಂದ ಎಲ್ಡನ್ ಒಂದು ತೀರ್ಮಾನಕ್ಕೆ ಬಂದ. ಹೊಸ ಕೋವಿ ಕಟ್ಟಿಸಬೇಕು. ಹಗುರವಾಗಿರಬೇಕು, ನೇರವಾಗಿ ಹೊಡೆಯಬೇಕು, ಮುಂದಿನ ತೋಟಾ ತಾನೇ ಏರಿಸಿಕೊಳ್ಳಬೇಕು. ಅಂಗಡಿಯಲ್ಲಿ ಅಂಥದ್ದು ಸಿಗುತ್ತದೆ, ಆದರೆ ಬೆಲೆ ಕೇಳಿದರೆ ಎರಡೂ ಭುಜ ಕಳಚುತ್ತವೆ. ಬಿಡಿಭಾಗ ಒಂದೊಂದಾಗಿ ಆರಿಸಿ ತಂದು ತಾವೇ ಜೋಡಿಸಿಕೊಳ್ಳುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಎಲ್ಡನ್ ಹೊಗೆಸೊಪ್ಪು ಬಿಟ್ಟ, ಮಧ್ಯಾಹ್ನ ತಿನ್ನುವ ಪೆಪರೋನಿ ರೋಲು ಬಿಟ್ಟ, ಉಳಿದ ಪುಡಿಗಾಸು ಹಿಡಿದು ಹೋಬರ್ಟನ ಬಂದೂಕಿನ ಅಂಗಡಿಗೆ ಹೋದ.

ಹೋಬರ್ಟ್ ಬಾಯಲ್ಲಿದ್ದ ಹಲ್ಲುಕಡ್ಡಿ ತೆಗೆದು ಕೇಳಿದ. "ಹಗುರ ಬೇಕೋ, ನೆಟ್ಟಗೆ ಹೊಡೀಬೇಕೋ?"

"ಎರಡೂ. ದುಡ್ಡೂ ಜಾಸ್ತಿ ಆಗಬಾರದು."

"ಕೋವಿ ಕಟ್ಟಿಸ್ತಿದ್ದೀಯೋ, ಮಗನಿಗೆ ಹೆಣ್ಣು ಹುಡುಕ್ತಿದ್ದೀಯೋ?"

ಆಮೇಲೆ ಅವನಿಗೇ ಪಾಪವೆನಿಸಿ ಬುದ್ಧಿ ಹೇಳಿದ. "ನೋಡು, ನಳಿಗೆಗೆ ದುಡ್ಡು ಹಾಕು. ಬೆರಳಲ್ಲಿ ಎಳೆಯೋ ಕುದುರೆಗೆ ಹಾಕು. ಮಿಕ್ಕಿದ್ದಕ್ಕೆಲ್ಲ ಕೈ ಬಿಗಿ ಹಿಡಿ. ಗುಂಡು ಹೋಗೋದು ನಳಿಗೇಲಿ, ನಿನ್ನ ಬೆರಳು ಮಾತಾಡೋದು ಕುದುರೆ ಜೊತೆ. ಹಿಡಿ ಎಷ್ಟು ಚೆಂದ ಇದೆ ಅಂತ ಜಿಂಕೆ ಏನು ಕೇಳುತ್ತಾ?"

"ನಳಿಗೆ ತೆಳ್ಳಗಿದ್ರೆ?"

"ಹಗುರ ಆಗುತ್ತೆ. ಆದ್ರೆ ಬಿಡದೆ ಹೊಡೀತಾ ಹೋದ್ರೆ ಬೇಗ ಕಾಯುತ್ತೆ, ಗುಂಡು ಅಡ್ಡಾಡೋಕೆ ಶುರು ಮಾಡುತ್ತೆ."

"ನನಗೆ ಒಂದೇ ಈಡು ಸಾಕು ಹೋಬರ್ಟ್. ಜಾಸ್ತಿ ಅಂದ್ರೆ ಎರಡು."

"ಹಂಗಾದ್ರೆ ತೆಳ್ಳಂದೇ ತಗೋ. ನಿನ್ನಂಥ ಗಿರಾಕಿಗೇ ಮಾಡಿರೋದು ಅದು."

ಎಲ್ಡನ್ ಹಾಗೇ ಮಾಡಿದ. ನಳಿಗೆ ಒಳ್ಳೆಯದು, ಕುದುರೆ ಒಳ್ಳೆಯದು. ಹೆಗಲಿಗಾನಿಸುವ ಹಿಡಿ ಮಾತ್ರ ಯಾರೋ ಬಳಸಿ ಬಿಟ್ಟ ಪ್ಲಾಸ್ಟಿಕ್ಕಿನದು. ನಳಿಗೆಯ ಸುತ್ತ ಎಡಗೈ ಹಿಡಿಯುವ ತೋಳು ಬಡಕಲು, ಉದ್ದಕ್ಕೂ ತೂತು. ಗುರಿ ನೋಡುವ ದುರ್ಬೀನು ಹೆಬ್ಬೆರಳು ಗಾತ್ರದ್ದು. ಒಂದೊಂದನ್ನೂ ಅರ್ಲೀನ್ ಇಲ್ಲದ ಹೊತ್ತು ನೋಡಿ ಅವಳ ಹಿಟ್ಟಿನ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದ. ಒಂದು ತಿರುಪಿನ ಬದಲು ಇನ್ನೊಂದು ಹಗುರದ ತಿರುಪು ಸಿಕ್ಕಿದ ದಿನ ಅವನ ಮುಖ ನೋಡಬೇಕಿತ್ತು, ಮೊಮ್ಮಗು ಹುಟ್ಟಿದ ಹಾಗೆ.

ನಮ್ಮ ಕಾನೂನಿನಲ್ಲಿ ಕುದುರೆ ಕೂರುವ, ನಂಬರು ಕೊರೆದ ಕೆಳಗಿನ ಒಡಲೊಂದೇ ಬಂದೂಕು ಎಂದು ಲೆಕ್ಕ. ಅದು ಹೋಬರ್ಟನಂಥ ಲೈಸೆನ್ಸಿನ ಅಂಗಡಿಗೇ ಬರಬೇಕು. ಮಿಕ್ಕಿದ್ದೆಲ್ಲ ಬರೀ ಕಬ್ಬಿಣ, ಅಂಚೆಯವನು ಮನೆ ಬಾಗಿಲಿಗೆ ತಂದು ಹಾಕುತ್ತಾನೆ. ಹಾಗೆ ಬಂದ ನಳಿಗೆಯಿಂದಲೇ ಎಲ್ಡನ್ ಸಿಕ್ಕಿಬಿದ್ದದ್ದು. ಅರ್ಲೀನ್ ಅದೇ ವಾರ ಪೈ ಮಾಡಲು ಅಂಚೆಯಲ್ಲಿ ಹೊಸ ಲಟ್ಟಣಿಗೆ ಕಳಿಸಲು ಹೇಳಿದ್ದಳು.

ಅವನು ಕೆಲಸ ಮುಗಿಸಿ ಬರುವಾಗ ಅವಳು ಅಡುಗೆಮನೆಯ ಮೇಜಿನ ಬಳಿ, ಪೊಟ್ಟಣ ಬಿಚ್ಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡುತ್ತಿದ್ದಳು.

"ಎಲ್ಡನ್, ನನ್ನ ಲಟ್ಟಣಿಗೆಗೆ ತೂತು ಬಿದ್ದಿದೆ."

ಎಲ್ಡನ್ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದ. ಇನ್ನೊಂದು ಕೋವಿ ಯಾಕೆ ಎಂದು ಕೇಳುತ್ತಾಳೆ. ಹಳೆಯದು ಭಾರ ಎನ್ನಬೇಕು. ಇಷ್ಟು ವರ್ಷ ಇಲ್ಲದ ಭಾರ ಈಗ ಹೇಗೆ ಬಂತು ಎನ್ನುತ್ತಾಳೆ. ಗೋಡೆಯ ಮೇಲೆ ಅಗ್ನಿಶಾಮಕ ಸಂಘದ ಕ್ಯಾಲೆಂಡರು ನೇತಾಡುತ್ತಿತ್ತು.

"ಅದು ಸಂಘಕ್ಕೆ" ಎಂದ.

"ಬೆಂಕಿ ಆರಿಸೋ ಪೈಪು ಇಷ್ಟು ಸಣ್ಣಾನಾ?"

"ಪೈಪಲ್ಲ. ವರ್ಷಾ ವರ್ಷ ಲಾಟರಿ ಚೀಟಿ ಎತ್ತುತ್ತಾರಲ್ಲ, ಹೊಸ ಬೆಂಕಿ ಎಂಜಿನ್ನಿಗೆ ದುಡ್ಡು ಕೂಡಿಸೋಕೆ. ಅದಕ್ಕೆ ಬಹುಮಾನ. ಒಂದು ಕೋವಿ ಕಟ್ಟಿಸಿ ಕೊಡೋಣ ಅಂತ."

ಅರ್ಲೀನ್ ನಳಿಗೆಯನ್ನು ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟಳು. ಕಣ್ಣು ತುಂಬಿತ್ತು.

"ಅಪ್ಪನಿಗೋಸ್ಕರವಾ?"

ಎಲ್ಡನ್ ಮತ್ತೆ ಕ್ಯಾಲೆಂಡರಿನ ಕಡೆ ನೋಡಿದ. ಅವಳು ಬಂದು ಅವನ ಹಣೆಗೆ ಮುತ್ತಿಟ್ಟಳು. ಅಂಥ ಮುತ್ತು ಆ ಮನೆಯಲ್ಲಿ ಬಹಳ ಕಾಲದಿಂದ ಬಿದ್ದಿರಲಿಲ್ಲ. ಅದನ್ನು ವಾಪಸು ಕೊಟ್ಟು ನಿಜ ಹೇಳುವ ಗಂಡಸು ಇನ್ನೂ ಹುಟ್ಟಬೇಕು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯುವ ಮುಂಚೆಯೇ ಸುದ್ದಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು ಪಾದ್ರಿಯ ಕಿವಿ ಮುಟ್ಟಿತು. ಮೆಟ್ಟಿಲ ಮೇಲೆ ಸಂಘದ ಮುಖ್ಯಸ್ಥ ಲೊವೆಲ್ ಪ್ರಿಟ್ ಕಾದು ನಿಂತಿದ್ದ. ಮನೆಯ ಚಿಮಣಿಯನ್ನು ಬರಿಗೈಯಲ್ಲಿ ಕೆಡವುವ ಆಳು.

"ಎಲ್ಡನ್ ಕೋಗರ್!" ಎಂದು ಕೂಗಿ ಅವನ ಎಡ ಭುಜಕ್ಕೆ ಪಟಾರನೆ ಒಂದು ಕೊಟ್ಟ. "ಇಷ್ಟು ದಿನ ನಿನ್ನನ್ನು ಜಿಪುಣ ಅಂತಿದ್ದೆ ಕಣಯ್ಯಾ, ಕ್ಷಮಿಸಿಬಿಡು!"

ಎಲ್ಡನ್ನನ ಕಣ್ಣಲ್ಲಿ ಧಾರೆಯಾಗಿ ನೀರು ಬಂತು.

"ನೋಡ್ರೋ, ನೋಡ್ರೋ" ಎಂದ ಲೊವೆಲ್ ಗುಂಪಿಗೆ. "ಎಂಥ ಮೆದು ಮನಸ್ಸು!" ಎಂದು ಇನ್ನೊಂದು ಕೊಟ್ಟ.

ಮರುವಾರವೇ ಅಂಗಡಿ ಕಿಟಕಿಗಳಲ್ಲೆಲ್ಲ ಹಳದಿ ಕಾಗದ ಬಂತು: ಎಲ್ಡನ್ ಕೋಗರ್ ಕೈಯಾರೆ ಕಟ್ಟಿದ ಹಗುರ ಕೋವಿ, ಮೊದಲ ಬಹುಮಾನ; ಹೊಗೆಯಲ್ಲಿ ಒಣಗಿಸಿದ ಹಂದಿ ತೊಡೆ, ಎರಡನೇ ಬಹುಮಾನ. ಎಲ್ಡನ್ ಅದನ್ನು ಓದಿ ಒಂದು ಸಮಾಧಾನ ತಂದುಕೊಂಡ. ಕೈಯಾರೆ ಕಟ್ಟುವ ಸುಖವಾದರೂ ಉಳಿಯಿತಲ್ಲ.

ಅದೂ ಉಳಿಯಲಿಲ್ಲ. ಹೋಬರ್ಟ್ ಹಲ್ಲುಕಡ್ಡಿ ತೆಗೆದ.

"ನೀನು ನಿನಗೋಸ್ಕರ ಜೋಡಿಸಿಕೊಂಡ್ರೆ ಅದು ನಿನ್ನ ಪಾಡು. ಇನ್ನೊಬ್ಬರಿಗೆ ಕೊಡೋದಕ್ಕೆ ಅಂತಲೇ ಜೋಡಿಸಿದ್ರೆ ಅದು ತಯಾರಿಕೆ, ಲೈಸೆನ್ಸ್ ಬೇಕು. ಹಂಗೇನಿಲ್ಲ ಅನ್ನೋ ವಕೀಲರೂ ಇದ್ದಾರು. ಆದ್ರೆ ನನ್ನ ಲೈಸೆನ್ಸ್ ಹೋದ್ರೆ ಆ ವಕೀಲರು ಬಂದು ನನ್ನ ಅಂಗಡಿ ನಡೆಸ್ತಾರಾ? ನಿನ್ನ ಸಾಮಾನು ಇಲ್ಲಿ ಇಡು. ನಾನು ಜೋಡಿಸ್ತೀನಿ."

"ಹೋಬರ್ಟ್, ಒಂದು ಮಾತಿಗೆ ಹೇಳ್ತೀನಿ. ಅದು ನನಗೇ ಇರಲಿ ಅಂದ್ರೆ?"

ಹೋಬರ್ಟ್ ಮೇಜು ತಟ್ಟಿ ನಕ್ಕ. ನಕ್ಕು ನಕ್ಕು ಹಲ್ಲುಕಡ್ಡಿ ಬಿತ್ತು. "ಇಡೀ ಊರಿಗೆ ಚೀಟಿ ಮಾರಿಸಿ ಆಮೇಲೆ ನನಗೇ ಇರಲಿ ಅನ್ನೋದು! ಅರ್ಲೀನ್‌ಗೆ ಹೇಳ್ತೀನಿ ತಾಳು, ಅವಳೂ ನಗಲಿ."

"ಬೇಡ ಬೇಡ" ಎಂದ ಎಲ್ಡನ್. "ತಮಾಷೆಗೆ ಅಂದೆ."

ಆರಿಸಿ ತಂದವನು ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಹೋಬರ್ಟ್ ಒಂದೊಂದೇ ಭಾಗ ಸೇರಿಸುತ್ತ ಹೋದ. ಕೊನೆಯಲ್ಲಿ ಒಂದು ದಯೆ ತೋರಿಸಿದ. "ಗುರಿ ಸರಿ ಮಾಡಬೇಕು, ನನ್ನ ಕನ್ನಡಕ ಒಡೆದಿದೆ. ಹಿತ್ತಲಿಗೆ ಬಂದು ನೀನೇ ಹೊಡಿ" ಎಂದ.

ಎಲ್ಡನ್ ಕೋವಿ ಎತ್ತಿದ. ಎಡಗೈ ಎದೆ ದಾಟಿ, ನಡುಗದೆ, ಗಲ್ಲದವರೆಗೆ ಬಂತು. ನಿಂತಲ್ಲೇ ಮೂರು ಈಡು ಹೊಡೆದ. ದೂರದ ಕಾಗದದ ಮೇಲೆ ಮೂರೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಹೋಬರ್ಟ್ ಕಾಗದ ನೋಡಿದ, ಕೋವಿ ನೋಡಿದ, ಎಲ್ಡನ್ನನನ್ನು ನೋಡಿದ.

"ಇಂಥದ್ದನ್ನು ಕೊಟ್ಟುಬಿಡ್ತೀಯಲ್ಲೋ" ಎಂದ. "ನಾನಾಗಿದ್ರೆ ಕೊಡ್ತಿರಲಿಲ್ಲಪ್ಪ."

ಎಲ್ಡನ್ ಆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ.

ಇಷ್ಟಕ್ಕೇ ಬಿಟ್ಟಿದ್ದರೆ ಕೋವಿಯಾದರೂ ಕೋವಿಯಾಗಿ ಉಳಿಯುತ್ತಿತ್ತು. ಆದರೆ ಒಬ್ಬನು ದಾನ ಮಾಡುವಾಗ ಮಿಕ್ಕವರು ಸುಮ್ಮನೆ ನೋಡುತ್ತ ನಿಲ್ಲುವಂಥ ಊರಲ್ಲ ನಮ್ಮದು. ಮೊದಲು ಬಂದವನು ಅರ್ಲೀನಳ ತಮ್ಮ ಡಾರ್ಸಿ. ಬಗಲಲ್ಲಿ ಒಲೆಯ ಕೊಳವೆಯಷ್ಟು ದಪ್ಪದ ದುರ್ಬೀನು.

"ಭಾವ, ನೀನು ಹಾಕಿರೋ ದುರ್ಬೀನು ನೋಡಿದೆ. ಗೊಂಬೆ ಆಟದ್ದು. ನನ್ನ ಮಾನ ಹೋಗುತ್ತೆ. ಇದನ್ನು ಹಾಕಿಸು, ಚಂದ್ರನಲ್ಲಿರೋ ಹಳ್ಳ ಕಾಣುತ್ತೆ."

"ನಮಗೆ ಬೇಕಾಗಿರೋದು ಜಿಂಕೆ ಕಣೋ ಡಾರ್ಸಿ."

"ಕೊಡೋದು ಕೊಡೋದೇ, ಅದರಲ್ಲೂ ಲೋಭ ಮಾಡ್ತೀಯಲ್ಲ ಭಾವ!"

ಟೈರಿನ ಅಂಗಡಿಯವನು ಕೋವಿಯನ್ನು ನೆಲದ ಮೇಲೆ ನಿಲ್ಲಿಸಲು ಉಕ್ಕಿನ ಎರಡು ಕಾಲು ಕೊಟ್ಟ. ಕಲ್ಲಿದ್ದಲು ಗಣಿಯಿಂದ ನಿವೃತ್ತರಾದವರ ಕೂಟದಿಂದ ಒಂದು ಟಾರ್ಚು ಬಂತು. ರಾತ್ರಿ ಜಿಂಕೆ ಹೊಡೆಯುವುದು ಅಪರಾಧ ಎಂದು ಎಲ್ಡನ್ ನೆನಪಿಸಿದ. "ಹೊಡೆಯೋದು ಬೇಡ, ನೋಡಬಹುದಲ್ಲ" ಎಂದರು ಅವರು. ಪ್ಲಾಸ್ಟಿಕ್ಕಿನ ಹಿಡಿ ನೋಡಿ ಮರಗೆಲಸದವನೊಬ್ಬ ಕಣ್ಣೀರಿಟ್ಟು, ಆಕ್ರೋಟು ಮರದ ದಪ್ಪ ಹಿಡಿ ಕೆತ್ತಿ ಪ್ಲಾಸ್ಟಿಕ್ಕಿನದರ ಮೇಲೇ ಕವಚದ ಹಾಗೆ ಬಿಗಿದ. ಚರ್ಚಿನ ಹೆಂಗಸರು ಹಿತ್ತಾಳೆಯ ಫಲಕ ತಂದರು, ಸಂಘದಲ್ಲಿ ಸೇವೆ ಮಾಡಿ ತೀರಿಹೋದವರ ಹೆಸರುಗಳೆಲ್ಲ ಅದರ ಮೇಲೆ. ಬೇಡ ಎನ್ನಲು ಎಲ್ಡನ್ ಬಾಯಿ ತೆರೆದ. ಅರ್ಲೀನ್ ಪಕ್ಕದಲ್ಲೇ ನಿಂತಿದ್ದಳು. ಬಾಯಿ ಮುಚ್ಚಿದ. ಕಡೆಗೆ ಲೊವೆಲ್ ಬಂದು ಎಲ್ಲದಕ್ಕೂ ಎಂಜಿನ್ನಿನ ಕೆಂಪು ಬಣ್ಣ ಬಳಿದ.

ಎಲ್ಡನ್ ದಿನಾ ಕೆಲಸ ಬಿಟ್ಟು ಬರುವಾಗ ಹೋಬರ್ಟನ ಅಂಗಡಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಿ ಬರುವ ಹಾಗೆ. ಹಿಟ್ಟಿನ ತಕ್ಕಡಿ ಅದನ್ನು ತೂಗಲಾರದಾಗಿ ಬಹಳ ದಿನವಾಗಿತ್ತು. ಒಂದು ಸಂಜೆ ಮೇವಿನ ಅಂಗಡಿಯ ದೊಡ್ಡ ತಕ್ಕಡಿಯ ಮೇಲಿಟ್ಟು ನೋಡಿದರು. ಮನೆಯ ಹಳೆಯ ಕೋವಿಗಿಂತ ಭಾರ.

"ಹಗುರ ಕೋವಿ ಅಂತ ಕಾಗದದಲ್ಲಿ ಹಾಕಿದ್ದಾರಲ್ಲ" ಎಂದ ಹೋಬರ್ಟ್.

"ಹಾಕಿದ್ದಾರೆ" ಎಂದ ಎಲ್ಡನ್.

ಅವನಿಗೆ ಇನ್ನೊಂದೇ ದಾರಿ ಉಳಿದಿತ್ತು. ಗುಟ್ಟಾಗಿ ಚೀಟಿ ಕೊಳ್ಳತೊಡಗಿದ. ಬಿಟ್ಟ ಹೊಗೆಸೊಪ್ಪಿನ ಕಾಸು, ಬಿಟ್ಟ ಪೆಪರೋನಿ ರೋಲಿನ ಕಾಸು, ಎಲ್ಲ ಚೀಟಿಗೆ ಹೋಯಿತು. ಕೋವಿ ತನಗೇ ಬಂದರೆ ಭಾರವನ್ನೆಲ್ಲ ಬಿಚ್ಚಿ ಹಾಕಿದರಾಯಿತು ಎಂದು ಅವನ ಎಣಿಕೆ. ಆದರೆ ಚೀಟಿ ಮಾರುತ್ತಿದ್ದವಳು ಲೊವೆಲ್ಲನ ಹೆಂಡತಿ, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅರ್ಲೀನ್ ಕೋಟಿನ ಜೇಬಿನಿಂದ ಚೀಟಿಗಳ ಸುರುಳಿ ಹೊರಗೆಳೆದಳು.

"ಕೋವಿಯನ್ನೂ ಕೊಟ್ಟು, ಅದರ ಚೀಟಿಯನ್ನೂ ನೀನೇ ಕೊಳ್ತಿದ್ದೀಯಲ್ಲೋ!" ಎಂದು ಚೀಟಿಗಳನ್ನು ಮತ್ತೆ ಜೋಪಾನವಾಗಿ ಸುತ್ತಿದಳು. "ನಿನ್ನನ್ನು ಇಷ್ಟು ವರ್ಷ ನಾನು ತಿಳ್ಕೊಂಡೇ ಇರಲಿಲ್ಲ."

ಬೇಟೆಗೆ ಮುಂಚಿನ ಶನಿವಾರ ಮಧ್ಯಾಹ್ನ ಸಂಘದ ಕಟ್ಟಡದಲ್ಲಿ ಎಂಜಿನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಹುರುಳಿಕಾಯಿ, ಹಿಸುಕಿದ ಆಲೂಗಡ್ಡೆ, ಹಂದಿ ಮಾಂಸ, ಮೂರು ಬಗೆಯ ಪೈ. ಮುಂದೆ ವೇದಿಕೆಯ ಮೇಲೆ ಕೋವಿ ತನ್ನ ಎರಡು ಕಾಲಿನ ಮೇಲೆ ಕೆಂಪಗೆ ನಿಂತಿತ್ತು. ದೂರದಿಂದ ನೋಡಿದರೆ ಯಾವುದೋ ಸಣ್ಣ ಟ್ರಾಕ್ಟರು. ಎಲ್ಡನ್ ಏನೂ ತಿನ್ನದೆ ಚೀಟಿಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತ.

ಡಾರ್ಸಿಗೆ ಹಂದಿ ತೊಡೆ ಬಂತು. ಆಮೇಲೆ ಲೊವೆಲ್ ಡಬ್ಬಿ ಕುಲುಕಿ, ಕೈ ಹಾಕಿ, ಓದಿದ.

"ಓಪಲ್ ಟೀಟರ್!"

ಓಪಲ್ ಎಲ್ಡನ್ನನ ಪಕ್ಕದ ಮನೆಯಾಕೆ. ಎಪ್ಪತ್ತು ದಾಟಿದ ವಿಧವೆ, ತನ್ನ ಬಾವಿಯ ಪಂಪು ತಾನೇ ರಿಪೇರಿ ಮಾಡಿಕೊಳ್ಳುವವಳು. ಬಾಯಲ್ಲಿದ್ದ ಪೈ ನುಂಗಿ ಎದ್ದಳು.

"ಅಯ್ಯೋ, ನನಗೆ ಬೇಕಿದ್ದದ್ದು ಹಂದಿ ತೊಡೆ" ಎಂದಳು.

ಎಲ್ಲ ನಕ್ಕರು. ಹೋಬರ್ಟ್ ಮೇಜಿನ ಮೂಲೆಯಲ್ಲೇ ಅವಳಿಂದ ಕೋವಿ ಪಡೆಯಲು ಬೇಕಾದ ಸರ್ಕಾರದ ಕಾಗದ ತುಂಬಿಸಿಕೊಂಡು, ಫೋನು ಮಾಡಿ ಒಪ್ಪಿಗೆ ಪಡೆದ. ಓಪಲ್ ವೇದಿಕೆ ಹತ್ತಿ ಕೋವಿ ಎತ್ತಲು ನೋಡಿದಳು. ಅದು ಮುಂದಕ್ಕೆ ಮುಗ್ಗರಿಸಿತು.

"ಇದೇನಿದು ಇದರ ಮೈಮೇಲೆಲ್ಲ ಕಸ? ಹೋಬರ್ಟ್, ತಿರುಪುಳಿ ಕೊಡು."

ಸಭೆ ನೋಡುತ್ತಿರುವಂತೆಯೇ ಅವಳು ಕೂತು ಬಿಚ್ಚತೊಡಗಿದಳು. ಕಾಲು ಹೋಯಿತು. ಟಾರ್ಚು ಹೋಯಿತು. ಆಕ್ರೋಟಿನ ಕವಚ ಕಳಚಿತು, ಕೆತ್ತಿದವನು ಎದ್ದು ಹೊರಗೆ ಹೋದ. ಡಾರ್ಸಿಯ ದುರ್ಬೀನನ್ನು ಬಿಚ್ಚಿ ಅವನ ಮಡಿಲಿಗೇ ಹಾಕಿ, ಹೋಬರ್ಟ್ ತೆಗೆದಿಟ್ಟಿದ್ದ ಹೆಬ್ಬೆರಳು ಗಾತ್ರದ್ದನ್ನು ಅವನಿಂದಲೇ ಮತ್ತೆ ಹಾಕಿಸಿದಳು. ಹಿತ್ತಾಳೆ ಫಲಕಕ್ಕೆ ಕೈ ಹಾಕಿದಾಗ ಚರ್ಚಿನ ಹೆಂಗಸರು ಉಸಿರು ಹಿಡಿದರು.

"ಓಪಲ್, ಅದು ಸತ್ತವರ ಹೆಸರು" ಎಂದ ಲೊವೆಲ್.

"ಗೊತ್ತು. ಅದರಲ್ಲಿ ನನ್ನ ಗಂಡನೂ ಇದಾನೆ. ಗೋಡೆ ಮೇಲೆ ಹಾಕು, ಅಲ್ಲಿ ಚೆನ್ನಾಗಿರ್ತಾನೆ. ಬದುಕಿದ್ದಾಗಲೇ ಸೋಮವಾರ ಬೆಳಗ್ಗೆ ಅವನನ್ನು ಎಬ್ಬಿಸಿ ಸಾಕಾಗಿತ್ತು, ಈಗ ಮತ್ತೆ ಹೊತ್ಕೊಂಡು ಹೋಗಬೇಕಾ?"

ಆಮೇಲೆ ಕೋವಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಬೆರಗಾದಳು. "ಅಯ್ಯ, ಪೊರಕೆ ಹಂಗಿದೆ! ಎಲ್ಡನ್, ಬಾ ಇಲ್ಲಿ. ಇದನ್ನು ನೀನು ಆರಿಸಿ ಕಟ್ಟಿಸಿದ್ದಾ? ನಿನಗೆ ಇಷ್ಟು ಬುದ್ಧಿ ಇದೆ ಅಂತ ಗೊತ್ತೇ ಇರಲಿಲ್ಲ. ತಗೋ, ಹೆಗಲಿಗಿಟ್ಟು ತೋರಿಸು, ಹೆಂಗೆ ಹಿಡಿಯೋದು."

ಎಲ್ಡನ್ ವೇದಿಕೆ ಹತ್ತಿ ಕೋವಿ ತೆಗೆದುಕೊಂಡ. ತೋಟಾ ಇಲ್ಲ ಎಂದು ನೋಡಿಕೊಂಡು, ಹಿಂದಿನ ಗೋಡೆಯ ಕಡೆ ತಿರುಗಿ ಎತ್ತಿದ. ಅದು ತಾನಾಗಿ ಮೇಲೆ ಬಂತು. ಗಲ್ಲ ಎಲ್ಲಿ ಕೂರಬೇಕೋ ಅಲ್ಲಿ ಕೂತಿತು, ಕಣ್ಣು ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು. ಅವನು ಹಾಗೇ ನಿಂತ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತ. ಸಭೆಯಲ್ಲಿ ಯಾರೋ ಕೆಮ್ಮಿದರು.

"ಚೆನ್ನಾಗಿದೆಯಾ?" ಎಂದಳು ಓಪಲ್, ಹತ್ತಿರ ಬಂದು ಅವನ ಮುಖ ನೋಡುತ್ತ. ದನಿ ತಗ್ಗಿಸಿ ಇನ್ನೊಂದು ಸಲ ಕೇಳಿದಳು. "ಏನಾದ್ರೂ ಹೇಳೋದಿದೆಯಾ?"

ಹೇಳಬಹುದಿತ್ತು. ಆಗ ಬೇಕಿದ್ದದ್ದು ಒಂದೇ ವಾಕ್ಯ. ಮುಂದಿನ ಸಾಲಿನಲ್ಲಿ ಅರ್ಲೀನ್ ಎರಡೂ ಕೈ ಎದೆಗೊತ್ತಿಕೊಂಡು, ಊರಿನ ಅತಿ ದೊಡ್ಡ ದಾನಿಯನ್ನು ನೋಡುತ್ತಿದ್ದಳು.

"ಒಳ್ಳೇ ಕೋವಿ ಓಪಲ್" ಎಂದ ಎಲ್ಡನ್. "ಚೆನ್ನಾಗಿ ಇಟ್ಕೊಳ್ಳಿ."

"ಹಂಗಾದ್ರೆ ಕೊಡು" ಎಂದಳು ಅವಳು. ಕೊಡಲು ಅವನ ಕೈ ತುಸು ತಡಮಾಡಿತು, ಅವಳೇ ಎಳೆದುಕೊಂಡಳು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಎಲ್ಡನ್ ಗುಡ್ಡದ ಮೇಲಿದ್ದ. ಕಿತ್ತಳೆ ಬಣ್ಣದ ಅಂಗಿ, ಫ್ಲಾಸ್ಕಿನಲ್ಲಿ ಕಾಫಿ, ತೊಡೆಯ ಮೇಲೆ ಹಳೆಯ ಕೋವಿ. ಅರ್ಲೀನ್ ತಾನೇ ಬೇಗ ಎದ್ದು ಬಕ್‌ವೀಟ್ ಧಾನ್ಯದ ಹಿಟ್ಟಿನ ದೋಸೆ ಹುಯ್ದು ಕಟ್ಟಿಕೊಟ್ಟಿದ್ದಳು. ದಾನಿಗಳಿಗೆ ದೊಡ್ಡ ದೋಸೆ.

ಓಕ್ ಮರಕ್ಕೆ ಒರಗಿ ಕೂತಿದ್ದಂತೆ ಜಿಂಕೆ ಬಂತು. ಕೊಂಬಿನ ಗಂಡು, ನಿಧಾನಕ್ಕೆ ಎಲೆ ಸರಿಸುತ್ತ, ಎಲ್ಡನ್ನನ ಎದುರಿಗೇ ಅಡ್ಡವಾಗಿ ನಿಂತಿತು. ಅವನು ಕೋವಿ ಎತ್ತಿದ. ಎದೆಯವರೆಗೆ ಬಂತು. ಹಲ್ಲು ಕಚ್ಚಿ ಇನ್ನೊಂದಿಷ್ಟು ಎತ್ತಿದ. ನಳಿಗೆಯ ತುದಿ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಆಡಿತು, ಆಮೇಲೆ ಬಿತ್ತು. ಜಿಂಕೆ ತಲೆಯೆತ್ತಿ ಅವನನ್ನು ನೋಡಿತು. ಹೆದರಲಿಲ್ಲ, ಅದೇ ಅವನಿಗೆ ಹೆಚ್ಚು ಬೇಸರವಾದದ್ದು. ಬಂದಷ್ಟೇ ನಿಧಾನಕ್ಕೆ ಇಳಿಜಾರಿನಲ್ಲಿ ಇಳಿದು ಹೋಯಿತು.

ಸ್ವಲ್ಪ ಹೊತ್ತಿಗೆ ಕೆಳಗಡೆ ಒಂದು ಈಡು. ಒಂದೇ. ಚುರುಕಾಗಿ, ಗಂಟಲು ಸರಿಯಿರುವವರು ಕೂಗಿದ ಹಾಗೆ. ಆ ದನಿ ಎಲ್ಡನ್ನನಿಗೆ ಗೊತ್ತಿತ್ತು. ಎರಡನೆಯದಕ್ಕೆ ಕಾದ. ಎರಡನೆಯದು ಬೇಕಾಗಿರಲಿಲ್ಲ.

"ಯಾರಾದ್ರೂ ಇದ್ದೀರೇನ್ರೋ ಮೇಲೆ?" ಎಂದು ಓಪಲ್ ಕೂಗಿದಳು. "ಎಳೆಯೋಕೆ ಒಂದು ಕೈ ಬೇಕು!"

ಎಲ್ಡನ್ ಇಳಿದು ಹೋದ. ಅದೇ ಗಂಡು ಎಲೆಗಳ ಮೇಲೆ ಮಲಗಿತ್ತು. ಓಪಲ್ ಕೊಂಬಿಗೆ ಹಗ್ಗ ಕಟ್ಟಿ ಒಂದು ತುದಿ ಅವನಿಗೆ ಕೊಟ್ಟಳು. ಅವನು ಬಲಗೈಯಲ್ಲಿ ಹಿಡಿದು ಎಳೆದ.

"ಎರಡೂ ಕೈ ಹಾಕೋ."

ಅವನು ಎಡಗೈಯನ್ನೂ ಹಾಕಿದ. ಎರಡು ಹೆಜ್ಜೆ ಎಳೆದು, ಹಗ್ಗ ಬಿಟ್ಟು, ಭುಜ ಹಿಡಿದುಕೊಂಡು ಕೂತುಬಿಟ್ಟ. ಮುಖ ಬೂದಿಯಾಗಿತ್ತು. ಓಪಲ್ ಹಗ್ಗ ಕೆಳಗಿಟ್ಟಳು.

"ಯಾವಾಗಿಂದ?"

"ಹೋದ ಚಳಿಗಾಲದಿಂದ."

"ಶನಿವಾರ ವೇದಿಕೆ ಮೇಲೆ ನಿಂತಿದ್ದಾಗಲೂ?"

"ಆಗಲೂ."

ಅವಳು ಅವನ ಪಕ್ಕ ನೆಲದ ಮೇಲಿದ್ದ ಹಳೆಯ ಕೋವಿ ನೋಡಿದಳು, ತನ್ನ ಹೆಗಲಿನ ಕೋವಿ ನೋಡಿದಳು. ತೆಳ್ಳನೆಯ ನಳಿಗೆ, ಬಡಕಲು ತೋಳು, ಹಗುರದ ತಿರುಪು, ಒಂದೊಂದೂ ಈಗ ತಾನೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು.

"ಇದು ನಿನಗೋಸ್ಕರ ಕಟ್ಟಿಸಿಕೊಂಡಿದ್ದು, ಅಲ್ವೇನೋ?"

ಎಲ್ಡನ್ ಎಲೆಗಳನ್ನು ನೋಡುತ್ತ ಎಲ್ಲ ಹೇಳಿದ. ಲಟ್ಟಣಿಗೆ, ಕ್ಯಾಲೆಂಡರು, ಹಣೆಯ ಮುತ್ತು. ಓಪಲ್ ನಗಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು.

"ಮಂಕೇ! ನಾನು ಬಾಯಿಬಿಟ್ಟು ಕೇಳಿದೆನಲ್ಲೋ! ಏನಾದ್ರೂ ಹೇಳೋದಿದೆಯಾ ಅಂತ. ಒಂದು ಮಾತು ಹೇಳಿದ್ರೆ ಅಲ್ಲೇ ನಿನ್ನ ಕೈಗಿಟ್ಟು ಮನೆಗೆ ಹೋಗ್ತಿದ್ದೆ. ನನಗೇನಕ್ಕೆ ಬೇಕಿತ್ತು ಕೋವಿ? ನಾನು ಹಂದಿ ತೊಡೆಗೆ ಬಂದವಳು!"

ಎಲ್ಡನ್ ತಲೆಯೆತ್ತಿದ. ಧೈರ್ಯ ಕೂಡಿಸಿಕೊಂಡು ಕೇಳಿದ.

"ಈಗ?"

"ಈಗ ಆಗಲ್ಲ" ಎಂದಳು ಓಪಲ್. "ಈಗ ಅದರಲ್ಲಿ ಹೊಡೆದುಬಿಟ್ಟಿದ್ದೀನಿ. ಗಂಡ ಹೋದ ಮೇಲೆ ಮೊದಲನೇ ಸಲ ಗುಡ್ಡ ಹತ್ತಿದ್ದು, ಒಂದೇ ಈಡಿಗೆ ಬಿತ್ತು. ಈಗ ಇದು ನಂದು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಎಲ್ಡನ್ ತಲೆಯಾಡಿಸಿದ. ಅಂಥ ಕೋವಿಯನ್ನು ಹೊಡೆದು ನೋಡಿದ ಮೇಲೆ ಯಾರೂ ಕೊಡುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅರ್ಲೀನ್‌ಗೆ ನೀನು ಹೇಳ್ತೀಯೋ, ನಾನು ಹೇಳಲೋ?"

"ನಾನೇ ಹೇಳ್ತೀನಿ."

"ಯಾವಾಗ?"

"ಇವತ್ತು."

"ನೋಡೋಣ" ಎಂದಳು ಓಪಲ್. ಹಗ್ಗವನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡಳು. "ನಿನ್ನ ಕೈಲಿ ಎಳೆಯೋಕೆ ಆಗಲ್ಲ. ಇಳಿಜಾರು ತಾನೇ, ನಾನು ಎಳೀತೀನಿ. ನೀನು ಕೋವಿ ಹೊರು."

ತೋಟಾ ತೆಗೆದು ಕೋವಿಯನ್ನು ಅವನ ಕೈಗಿಟ್ಟಳು. ಎಲ್ಡನ್ ಹಳೆಯದನ್ನು ಬಲ ಹೆಗಲಿಗೆ ಹಾಕಿದ, ಹೊಸದನ್ನು ಎಡ ಹೆಗಲಿಗೆ. ಮುಂದೆ ಓಪಲ್ ಬೈಯುತ್ತ ಜಿಂಕೆ ಎಳೆಯುತ್ತಿದ್ದಳು, ಹಿಂದೆ ಇವನು. ಬಲಗಡೆಯ ಪಟ್ಟಿ ಮಾಂಸಕ್ಕೆ ಕಚ್ಚಿತ್ತು. ಎಡಗಡೆ ಏನೂ ಗೊತ್ತಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ಆಗಾಗ ನಿಂತು, ಅದು ಹೆಗಲ ಮೇಲೆ ಇದೆಯೋ ಎಲ್ಲಾದರೂ ಬಿತ್ತೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಇಳಿದ.